‘ಅರ್ಥವಾಯ್ತಾ?’ ಎಂದು ಕೇಳುವ ಬದಲು

ಪಾಠ ಮುಗಿಯುತ್ತದೆ. ‘ಎಲ್ಲರಿಗೂ ಅರ್ಥವಾಯ್ತಾ?’ ಎಂದು ಮೇಷ್ಟ್ರು ಕೇಳುತ್ತಾರೆ. ‘ಆಯ್ತು ಸಾರ್’ ಎಂದು ಇಡೀ ತರಗತಿ ರಾಗ ಎಳೆಯುತ್ತದೆ. ಯಾರಿಗೆ ಎಷ್ಟು ಅರ್ಥವಾಯಿತು ಎನ್ನುವುದು ಆ ರಾಗದಿಂದ ತಿಳಿಯುವುದಿಲ್ಲ. ಅದು ತಿಳಿಯುವುದು ಟೆಸ್ಟ್ ಪೇಪರ್ ತಿದ್ದುವಾಗ. ಅಷ್ಟು ಹೊತ್ತಿಗೆ ಇನ್ನೆರಡು ಪಾಠ ಮುಂದೆ ಹೋಗಿ ಆಗಿರುತ್ತದೆ.

ಚಟುವಟಿಕೆಯಿಂದ ಕಲಿಸುವುದು ಕರ್ನಾಟಕದ ಶಿಕ್ಷಕರಿಗೆ ಹೊಸದೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾದ ನಲಿ-ಕಲಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳ 1ರಿಂದ 3ನೇ ತರಗತಿಗಳಿಗೆ ಹಬ್ಬಿತು. ಅಲ್ಲಿ ಮಕ್ಕಳು ತಟ್ಟೆಗಳ ಸುತ್ತ ಗುಂಪಾಗಿ ಕೂರುತ್ತಾರೆ, ಕಾರ್ಡ್ ಹಿಡಿದು ಕಲಿಕಾ ಏಣಿ ಹತ್ತುತ್ತಾರೆ, ಗೆಳೆಯರ ನೆರವಿನಿಂದಲೂ ಕಲಿಯುತ್ತಾರೆ. ನಾಲ್ಕನೇ ತರಗತಿಗೆ ಬಂದ ಮೇಲೆ ಅದೇ ಮಕ್ಕಳು ಸಾಲಾಗಿ ಕೂತು ಹಲಗೆಯ ಕಡೆ ಮುಖ ಮಾಡುತ್ತಾರೆ. ಹೈಸ್ಕೂಲಿಗೆ ಬರುವ ಹೊತ್ತಿಗೆ ನೋಟ್ಸ್ ಬರೆದುಕೊಳ್ಳುವುದೇ ಮುಖ್ಯ ಕೆಲಸವಾಗಿರುತ್ತದೆ. ಈ ಲೇಖನ ಆ ನಾಲ್ಕನೇ ತರಗತಿಯಿಂದ ಆಚೆಗಿನವರಿಗಾಗಿ: 40 ನಿಮಿಷದ ಪೀರಿಯಡ್, 45 ಮಕ್ಕಳು, ಅಲುಗಾಡಿಸಲಾಗದ ಬೆಂಚುಗಳು, ಮುಗಿಸಲೇಬೇಕಾದ ಪೋರ್ಷನ್. ಇವುಗಳ ನಡುವೆಯೇ ಮಾಡಬಹುದಾದದ್ದು ಏನು?

ಗದ್ದಲವೇ ಚಟುವಟಿಕೆಯಲ್ಲ

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಬೇಕು. ಮಕ್ಕಳು ಎದ್ದು ಓಡಾಡಿದರೆ, ಚಾರ್ಟಿಗೆ ಬಣ್ಣ ತುಂಬಿದರೆ, ಥರ್ಮಾಕೋಲಿನಲ್ಲಿ ಜ್ವಾಲಾಮುಖಿ ಮಾಡಿ ತಂದರೆ ಅದೇ ಸಕ್ರಿಯ ಕಲಿಕೆ ಎಂಬ ಭಾವನೆ ಬಹಳ ಕಡೆ ಇದೆ. ಬಣ್ಣ ತುಂಬುವ ಕೈಗೆ ಕೆಲಸವಿದ್ದು ತಲೆಗೆ ಇಲ್ಲದಿರಬಹುದು. ಸುಮ್ಮನೆ ಕೂತ ಹುಡುಗಿ ಮನಸ್ಸಿನಲ್ಲೇ ಒಂದು ಲೆಕ್ಕದ ಜೊತೆ ಗುದ್ದಾಡುತ್ತಿರಬಹುದು. ಹಾಗಾಗಿ ಯಾವುದೇ ವಿಧಾನವನ್ನು ಒಂದೇ ಪ್ರಶ್ನೆಯಿಂದ ಅಳೆಯಬಹುದು: ಈ ನಿಮಿಷದಲ್ಲಿ ಯೋಚಿಸುವ ಕೆಲಸವನ್ನು ಯಾರು ಮಾಡುತ್ತಿದ್ದಾರೆ? ಶಿಕ್ಷಕರೊಬ್ಬರೇ? ಮುಂದಿನ ಬೆಂಚಿನ ನಾಲ್ವರೇ? ಅಥವಾ ಎಲ್ಲರೂ?

ಇದು ಬರೀ ಆದರ್ಶದ ಮಾತಲ್ಲ. ಕಾಲೇಜು ಮಟ್ಟದ ವಿಜ್ಞಾನ, ಎಂಜಿನಿಯರಿಂಗ್ ಮತ್ತು ಗಣಿತ ತರಗತಿಗಳ ಮೇಲೆ ನಡೆದಿದ್ದ 225 ಅಧ್ಯಯನಗಳನ್ನು ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ಒಟ್ಟುಗೂಡಿಸಿ 2014ರಲ್ಲಿ ಪ್ರಕಟಿಸಿದರು. ಬರೀ ಉಪನ್ಯಾಸ ಕೇಳಿದ ವಿದ್ಯಾರ್ಥಿಗಳು ಫೇಲಾಗುವ ಸಾಧ್ಯತೆ, ಸಕ್ರಿಯವಾಗಿ ಕಲಿತವರಿಗಿಂತ 1.5 ಪಟ್ಟು ಹೆಚ್ಚಿತ್ತು. ಪಾಠ ಹೇಳುವುದೇ ತಪ್ಪು ಎಂದು ಇದರ ಅರ್ಥವಲ್ಲ. ಚೆನ್ನಾಗಿ ವಿವರಿಸುವ ಶಿಕ್ಷಕರಿಗೆ ಯಾವತ್ತೂ ಬೆಲೆ ಇದೆ. ಆದರೆ ಕೇಳಿದ್ದನ್ನು ಮಗು ತನ್ನ ತಲೆಯಲ್ಲಿ ಒಮ್ಮೆ ತಿರುವಿ ಹಾಕದಿದ್ದರೆ ಆ ವಿವರಣೆ ನಿಲ್ಲುವುದಿಲ್ಲ.

ಪ್ರಶ್ನೆ ಕೇಳಿ, ಸುಮ್ಮನಿರಿ

ಖರ್ಚಿಲ್ಲದ, ತಯಾರಿಯೂ ಬೇಡದ ವಿಧಾನ ಇದು. ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ ಒಂದು ವಿಷಯ ಗುರುತಿಸಿದರು. ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಸುಮಾರು 1 ಸೆಕೆಂಡ್ ಮಾತ್ರ ಕಾಯುತ್ತಿದ್ದರು. ಆಮೇಲೆ ಬೇರೆಯವರನ್ನು ಕೇಳುತ್ತಿದ್ದರು, ಇಲ್ಲವೇ ತಾವೇ ಉತ್ತರ ಹೇಳುತ್ತಿದ್ದರು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ‘ಗೊತ್ತಿಲ್ಲ’ ಎನ್ನುವವರು ಕಡಿಮೆಯಾದರು, ಎಂದೂ ಬಾಯಿ ಬಿಡದಿದ್ದ ಮಕ್ಕಳೂ ಮಾತಾಡಿದರು.

ನಮ್ಮಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ಪ್ರಶ್ನೆ ಮುಗಿಯುವ ಮೊದಲೇ ಯಾವನೋ ಒಬ್ಬ ಚುರುಕು ಹುಡುಗ ಉತ್ತರ ಕೂಗಿಬಿಡುತ್ತಾನೆ. ಅಲ್ಲಿಗೆ ಉಳಿದ 44 ಮಕ್ಕಳ ಯೋಚನೆ ನಿಂತಿತು. ಆದ್ದರಿಂದ ಮೊದಲೇ ನಿಯಮ ಹೇಳಿ: ‘ನಾನು ಹೇಳುವವರೆಗೆ ಯಾರೂ ಕೈ ಎತ್ತಬಾರದು, ಉತ್ತರ ಬಾಯಲ್ಲೇ ಇರಲಿ.’ ಮನಸ್ಸಿನಲ್ಲೇ ಐದು ಎಣಿಸಿ. ಹೆಸರು ಕರೆಯುವುದು ಪ್ರಶ್ನೆಯಾದ ಮೇಲಿರಲಿ. ‘ರೇಖಾ, ಏಳು. ಬಾಷ್ಪೀಭವನ ಎಂದರೇನು?’ ಎಂದರೆ ರೇಖಾ ಒಬ್ಬಳೇ ಯೋಚಿಸುತ್ತಾಳೆ. ಪ್ರಶ್ನೆ ಮೊದಲು, ಮೌನ ಆಮೇಲೆ, ಹೆಸರು ಕೊನೆಗೆ ಬಂದರೆ ಎಲ್ಲರೂ ಯೋಚಿಸಬೇಕಾಗುತ್ತದೆ.

ಮೊದಲು ಒಬ್ಬರೇ, ಆಮೇಲೆ ಇಬ್ಬರು, ಕೊನೆಗೆ ಎಲ್ಲರೂ

ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಫ್ರಾಂಕ್ ಲೈಮನ್ 1981ರಲ್ಲಿ ಮುಂದಿಟ್ಟ ಈ ಕ್ರಮ ಇಂದು ಪ್ರಪಂಚದ ಎಲ್ಲೆಡೆ ಬಳಕೆಯಲ್ಲಿದೆ. ಒಂದು ನಿಮಿಷ ತಾನೊಬ್ಬನೇ ಯೋಚಿಸಿ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಒಂದು ಸಾಲು ಬರೆಯುವುದು; ಎರಡು ನಿಮಿಷ ಪಕ್ಕದವರ ಜೊತೆ ಮಾತಾಡುವುದು; ಆಮೇಲೆ ಕೆಲವು ಜೋಡಿಗಳು ತರಗತಿಗೆ ಹೇಳುವುದು. ಬೆಂಚು ಅಲುಗಾಡಿಸುವ ಅಗತ್ಯವೇ ಇಲ್ಲ.

ಎಡವುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ಒಬ್ಬರೇ ಯೋಚಿಸುವ ನಿಮಿಷವನ್ನು ನುಂಗಿಬಿಡುವುದು. ಆಗ ಜೋಡಿಯಲ್ಲಿ ಚುರುಕಾದವರು ಹೇಳುತ್ತಾರೆ, ಇನ್ನೊಬ್ಬರು ತಲೆಯಾಡಿಸುತ್ತಾರೆ. ಎರಡು, ಜೋಡಿಯಾಗಿ ಮಾತಾಡಲು ಏನೂ ಇಲ್ಲದ ಪ್ರಶ್ನೆ ಕೇಳುವುದು. ‘ಕೃಷ್ಣಾ ನದಿ ಎಲ್ಲಿ ಹುಟ್ಟುತ್ತದೆ?’ ಎನ್ನುವುದಕ್ಕೆ ಚರ್ಚೆ ಏನಿದೆ? ‘ಪಶ್ಚಿಮ ಘಟ್ಟದಲ್ಲಿ, ಅರಬ್ಬಿ ಸಮುದ್ರಕ್ಕೆ ಅಷ್ಟು ಹತ್ತಿರ ಹುಟ್ಟಿದ ಕೃಷ್ಣೆ ಪೂರ್ವಕ್ಕೆ ಯಾಕೆ ಹರಿದಳು?’ ಎಂದರೆ ಇಬ್ಬರೂ ಭೂಪಟದ ಕಡೆ ಬಗ್ಗುತ್ತಾರೆ.

ಹಂಚಿಕೊಳ್ಳುವಾಗ ‘ನಿನ್ನ ಉತ್ತರ ಹೇಳು’ ಎನ್ನುವ ಬದಲು ‘ನಿನ್ನ ಜೊತೆಗಾತಿ ಏನಂದಳು?’ ಎಂದು ಕೇಳಿ ನೋಡಿ. ಅಂಜುವ ಮಗುವಿಗೆ ಬೇರೆಯವರ ಮಾತು ಹೇಳುವುದು ಸುಲಭ. ಜೊತೆಗೆ, ಅದನ್ನು ಹೇಳಬೇಕಾದರೆ ಗಮನವಿಟ್ಟು ಕೇಳಿರಲೇಬೇಕು.

ಬೆರಳೆತ್ತಿ ಮತ ಹಾಕುವ ಪ್ರಶ್ನೆ

ಹಾರ್ವರ್ಡ್‌ನ ಭೌತವಿಜ್ಞಾನ ಪ್ರಾಧ್ಯಾಪಕ ಎರಿಕ್ ಮಜೂರ್ 1991ರಲ್ಲಿ ತಮ್ಮ ಪಾಠದ ಕ್ರಮವನ್ನೇ ಬದಲಿಸಿದರು. ಸೂತ್ರ ಹಾಕಿ ಲೆಕ್ಕ ಬಿಡಿಸುವ ಅವರ ವಿದ್ಯಾರ್ಥಿಗಳು, ಅದೇ ಪರಿಕಲ್ಪನೆಯ ಸರಳ ಪ್ರಶ್ನೆಯಲ್ಲಿ ಮುಗ್ಗರಿಸುತ್ತಿದ್ದರು. ಮಜೂರ್ ಪಾಠದ ನಡುನಡುವೆ ಬಹು ಆಯ್ಕೆಯ ಪ್ರಶ್ನೆ ಇಡತೊಡಗಿದರು. ವಿದ್ಯಾರ್ಥಿಗಳು ಮೊದಲು ತಾವೇ ಉತ್ತರಿಸಬೇಕು, ಆಮೇಲೆ ಬೇರೆ ಉತ್ತರ ಕೊಟ್ಟ ಪಕ್ಕದವರನ್ನು ಒಪ್ಪಿಸಲು ಯತ್ನಿಸಬೇಕು, ಮತ್ತೊಮ್ಮೆ ಉತ್ತರಿಸಬೇಕು.

ಇದಕ್ಕೆ ಯಂತ್ರ ಬೇಕಿಲ್ಲ. ಎದೆಯ ಹತ್ತಿರ ಬೆರಳು ತೋರಿಸಿದರೆ ಸಾಕು: ಒಂದನೇ ಆಯ್ಕೆಗೆ ಒಂದು ಬೆರಳು, ಎರಡನೆಯದಕ್ಕೆ ಎರಡು. ಎದೆಗೆ ಒತ್ತಿ ಹಿಡಿಯುವುದರಿಂದ ಹಿಂದಿನವರು ನೋಡಿ ನಕಲು ಮಾಡಲು ಆಗುವುದಿಲ್ಲ. ‘ಒಂದು, ಎರಡು, ಮೂರು, ತೋರಿಸಿ’ ಎಂದಾಗ ಎಲ್ಲರೂ ಒಟ್ಟಿಗೆ ತೋರಿಸಬೇಕು.

ಒಂದು ಪ್ರಶ್ನೆ: ಶಾಲೆಯ ಅಂಗಳದ ಹೊಂಗೆ ಮರ ಒಂದು ಬೀಜದಿಂದ ಇಷ್ಟು ದೊಡ್ಡದಾಯಿತು. ಅದನ್ನು ಕಡಿದು ಪೂರ್ತಿ ಒಣಗಿಸಿದರೂ ಕಟ್ಟಿಗೆಗೆ ಅಷ್ಟು ತೂಕವಿರುತ್ತದೆ. ಆ ತೂಕದ ಬಹುಪಾಲು ಎಲ್ಲಿಂದ ಬಂತು? 1. ಮಣ್ಣು. 2. ನೀರು. 3. ಗಾಳಿ. 4. ಸೂರ್ಯನ ಬೆಳಕು. ದ್ಯುತಿಸಂಶ್ಲೇಷಣೆಯ ಸಮೀಕರಣ ಬಾಯಿಪಾಠ ಇರುವ ಮಕ್ಕಳೂ ‘ಮಣ್ಣು’ ಎನ್ನುತ್ತಾರೆ. ಸರಿಯುತ್ತರ ಗಾಳಿ. ಎಲೆ ಒಳಗೆಳೆದುಕೊಂಡ ಇಂಗಾಲದ ಡೈಆಕ್ಸೈಡೇ ಬಹುಪಾಲು ಕಟ್ಟಿಗೆಯಾಗಿದೆ.

ಚರ್ಚೆ ಆದ ಮೇಲೆ ವಾನ್ ಹೆಲ್ಮಾಂಟನ ಕಥೆ ಹೇಳಬಹುದು. ಹದಿನೇಳನೇ ಶತಮಾನದ ಈ ವೈದ್ಯ 200 ಪೌಂಡ್ ಒಣ ಮಣ್ಣಿನಲ್ಲಿ 5 ಪೌಂಡಿನ ವಿಲ್ಲೋ ಸಸಿ ನೆಟ್ಟು, 5 ವರ್ಷ ಬರೀ ನೀರು ಹಾಕಿದ. ಮರ ಸುಮಾರು 169 ಪೌಂಡ್ ಆಯಿತು. ಮಣ್ಣು ಕಳೆದುಕೊಂಡದ್ದು ಸುಮಾರು 2 ಔನ್ಸ್, ಅಂದರೆ 60 ಗ್ರಾಂಗೂ ಕಡಿಮೆ. ಹಾಗಾದರೆ ಮರವೆಲ್ಲ ನೀರಿನಿಂದಲೇ ಆಯಿತು ಎಂದು ಅವನು ತೀರ್ಮಾನಿಸಿದ. ಎರಡನೇ ಆಯ್ಕೆಗೆ ಬೆರಳೆತ್ತಿದ ಮಕ್ಕಳಿಗೆ ಜೊತೆಗೊಬ್ಬ ವಿಜ್ಞಾನಿ ಸಿಕ್ಕಂತಾಯಿತು. ಅವನು ಎಲ್ಲಿ ತಪ್ಪಿದ ಎನ್ನುವುದೇ ಮುಂದಿನ ಪಾಠ.

ಇಂಥ ಪ್ರಶ್ನೆಯ ಜೀವ ಇರುವುದು ತಪ್ಪು ಆಯ್ಕೆಗಳಲ್ಲಿ. ಮಕ್ಕಳು ನಿಜವಾಗಿ ಮಾಡುವ ತಪ್ಪುಗಳನ್ನೇ ಆಯ್ಕೆಯಾಗಿ ಕೊಡಬೇಕು. 0.35 ದೊಡ್ಡದೋ, 0.4 ದೊಡ್ಡದೋ? 35 ನಾಲ್ಕಕ್ಕಿಂತ ದೊಡ್ಡದು ಎಂಬ ಲೆಕ್ಕದಲ್ಲಿ ಅನೇಕರು ಮೊದಲನೆಯದನ್ನು ಆರಿಸುತ್ತಾರೆ. ಕಳೆದ ವರ್ಷದ ಉತ್ತರಪತ್ರಿಕೆಗಳಲ್ಲಿ ಪದೇಪದೇ ಕಂಡ ತಪ್ಪುಗಳನ್ನು ಒಂದು ಕಡೆ ಬರೆದಿಟ್ಟರೆ, ಅದೇ ನಿಮ್ಮ ಪ್ರಶ್ನೆಗಳ ಖಜಾನೆ.

ಮತ ನೋಡಿದ ಮೇಲೆ ಏನು ಮಾಡಬೇಕು ಎನ್ನುವುದಕ್ಕೆ ಮಜೂರ್ ಅನುಸರಿಸಿದ ಅಳತೆ ಉಪಯುಕ್ತ. ಶೇ 70ಕ್ಕಿಂತ ಹೆಚ್ಚು ಮಂದಿ ಸರಿ ಹೇಳಿದರೆ ಚುಟುಕಾಗಿ ವಿವರಿಸಿ ಮುಂದೆ ಹೋಗಿ. ಶೇ 30ಕ್ಕಿಂತ ಕಡಿಮೆಯಾದರೆ ಚರ್ಚೆ ಮಾಡಿಸಿ ಪ್ರಯೋಜನವಿಲ್ಲ, ಇನ್ನೊಮ್ಮೆ ಪಾಠ ಹೇಳಿ. ನಡುವೆ ಇದ್ದರೆ ಚರ್ಚೆಗೆ ಬಿಡಿ.

ಊಹಿಸಿ, ನೋಡಿ, ವಿವರಿಸಿ

ಪ್ರಯೋಗ ಮಾಡಿ ತೋರಿಸುವ ಶಿಕ್ಷಕರು ನಮ್ಮಲ್ಲಿ ಕಡಿಮೆಯೇನಿಲ್ಲ. ಆದರೆ ಮಕ್ಕಳು ಅದನ್ನು ಜಾದೂ ಪ್ರದರ್ಶನದ ಹಾಗೆ ನೋಡಿ ಚಪ್ಪಾಳೆ ತಟ್ಟಿ ಮರೆಯುತ್ತಾರೆ. ಪ್ರಯೋಗಕ್ಕೆ ಮೊದಲು ‘ಏನಾಗುತ್ತದೆ, ಯಾಕೆ?’ ಎಂದು ಬರೆಸಿದರೆ ಫಲಿತಾಂಶದ ಮೇಲೆ ಮಗುವಿಗೆ ಸ್ವಂತ ಹಕ್ಕು ಹುಟ್ಟುತ್ತದೆ.

ಪ್ರಯೋಗಾಲಯದ ಥರ್ಮಾಮೀಟರನ್ನು ಉಣ್ಣೆಯ ಕಂಬಳಿಯಲ್ಲಿ ಸುತ್ತಿಡಿ. ಹತ್ತು ನಿಮಿಷದ ನಂತರ ಉಷ್ಣತೆ ಏರುತ್ತದೆಯೇ, ಇಳಿಯುತ್ತದೆಯೇ, ಹಾಗೇ ಇರುತ್ತದೆಯೇ? ಕಂಬಳಿ ಬೆಚ್ಚಗಿರುತ್ತದೆ, ಆದ್ದರಿಂದ ಏರುತ್ತದೆ ಎನ್ನುವವರೇ ಹೆಚ್ಚು. ಥರ್ಮಾಮೀಟರು ಕದಲುವುದಿಲ್ಲ. ಕಂಬಳಿ ಶಾಖ ಕೊಡುವುದಿಲ್ಲ, ನಮ್ಮ ಮೈಯ ಶಾಖ ಹೊರಗೆ ಹೋಗದಂತೆ ತಡೆಯುತ್ತದೆ ಎಂಬ ಮಾತು ಆಗ ಕಿವಿಗೆ ಬೀಳುತ್ತದೆ. (ಕಂಬಳಿಯನ್ನು ಬಿಸಿಲಿನಲ್ಲಿ ಇಟ್ಟಿರಬಾರದು, ಬೆಳಗಿನಿಂದಲೂ ಅದು ಅದೇ ಕೋಣೆಯಲ್ಲಿರಲಿ. ಜ್ವರ ನೋಡುವ ಥರ್ಮಾಮೀಟರು ಇದಕ್ಕೆ ಆಗುವುದಿಲ್ಲ.)

ಗಣಿತದಲ್ಲಿ ಇದೇ ಕೆಲಸಕ್ಕೆ ಒಂದು ದಾರ ಸಾಕು. 24 ಸೆಂಟಿಮೀಟರ್ ದಾರದ ಎರಡು ತುದಿ ಕೂಡಿಸಿ ಚೌಕಳಿ ಹಾಳೆಯ ಮೇಲೆ ಆಯತ ಮಾಡಬೇಕು. ದಾರ ಅಷ್ಟೇ ಉದ್ದ ಇರುವುದರಿಂದ ಒಳಗಿನ ಜಾಗವೂ ಯಾವಾಗಲೂ ಅಷ್ಟೇ ಇರುತ್ತದೆಯೇ? ಊಹೆ ಬರೆದ ಮೇಲೆ ಎಣಿಸಲಿ: 10×2 ಇದ್ದಾಗ 20, 8×4 ಇದ್ದಾಗ 32, 6×6 ಇದ್ದಾಗ 36. ಸುತ್ತಳತೆ ಮತ್ತು ವಿಸ್ತೀರ್ಣವನ್ನು ಕಲಸಿಕೊಳ್ಳುವ ಮಕ್ಕಳಿಗೆ ಹತ್ತು ಲೆಕ್ಕ ಬರೆಸುವುದಕ್ಕಿಂತ ಈ ದಾರ ಹೆಚ್ಚು ಹೇಳುತ್ತದೆ.

ಪಾಲು ಹಂಚಿಕೊಂಡು ಓದುವುದು

ಸಮಾಜ ವಿಜ್ಞಾನದ ಉದ್ದುದ್ದ ಪಾಠಗಳಿಗೆ ಹೇಳಿ ಮಾಡಿಸಿದ ವಿಧಾನ ‘ಜಿಗ್‌ಸಾ’. 1971ರಲ್ಲಿ ಅಮೆರಿಕದ ಟೆಕ್ಸಾಸ್‌ನ ಆಸ್ಟಿನ್ ನಗರದಲ್ಲಿ ಬಿಳಿಯ, ಕರಿಯ, ಲ್ಯಾಟಿನೋ ಮಕ್ಕಳನ್ನು ಒಂದೇ ಶಾಲೆಗೆ ಸೇರಿಸಿದಾಗ ತರಗತಿಗಳಲ್ಲಿ ದ್ವೇಷ ಹೊಗೆಯಾಡುತ್ತಿತ್ತು. ಮನಶ್ಶಾಸ್ತ್ರಜ್ಞ ಎಲಿಯಟ್ ಅರಾನ್ಸನ್, ಒಬ್ಬರ ನೆರವಿಲ್ಲದೆ ಇನ್ನೊಬ್ಬರ ಪಾಠ ಪೂರ್ತಿಯಾಗದಂತೆ ಕೆಲಸ ಹಂಚಿದರು. ಜಾತಿ, ಓಣಿ, ಅಂಕಗಳ ಲೆಕ್ಕದಲ್ಲಿ ಮಕ್ಕಳು ತಾವಾಗಿಯೇ ಬೇರೆ ಬೇರೆ ಬೆಂಚು ಹಿಡಿಯುವ ನಮ್ಮ ತರಗತಿಗಳಿಗೂ ಈ ಹಿನ್ನೆಲೆ ದೂರದ್ದಲ್ಲ.

ಕರ್ನಾಟಕ ಏಕೀಕರಣದ ಪಾಠವನ್ನೇ ತೆಗೆದುಕೊಳ್ಳೋಣ. ಐದೈದು ಮಕ್ಕಳ ಒಂಬತ್ತು ಗುಂಪು ಮಾಡಿ. ಪ್ರತಿ ಗುಂಪಿನಲ್ಲಿ ಒಬ್ಬರಿಗೆ ಒಂದು ಭಾಗ: ಹಳೆ ಮೈಸೂರು; ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡಗಳಿದ್ದ ಮುಂಬಯಿ ಕರ್ನಾಟಕ; ಬೀದರ್, ಕಲಬುರಗಿ, ರಾಯಚೂರುಗಳಿದ್ದ ಹೈದರಾಬಾದ್ ಕರ್ನಾಟಕ; ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡ, ಕೊಳ್ಳೇಗಾಲ ಮತ್ತು 1953ರಲ್ಲೇ ಮೈಸೂರಿಗೆ ಬಂದ ಬಳ್ಳಾರಿ; ಕೊಡಗು. ಒಂದೇ ಭಾಗ ಸಿಕ್ಕವರು ಮೊದಲು ಒಟ್ಟಾಗಿ ಕೂತು ಓದಿ, ‘ಅಲ್ಲಿ ಯಾರ ಆಡಳಿತವಿತ್ತು? ಕನ್ನಡಿಗರ ತೊಂದರೆ ಏನಿತ್ತು? ಯಾವಾಗ, ಹೇಗೆ ಸೇರಿತು?’ ಎಂಬ ಮೂರು ಪ್ರಶ್ನೆಗೆ ಉತ್ತರ ಸಿದ್ಧ ಮಾಡುತ್ತಾರೆ. ಒಂಬತ್ತು ಜನ ಒಂದೇ ಕಡೆ ಹೆಚ್ಚಾಗುತ್ತದೆ, ಆದ್ದರಿಂದ ಅದನ್ನೂ ಎರಡಾಗಿ ಒಡೆಯಿರಿ. ಆಮೇಲೆ ಪ್ರತಿಯೊಬ್ಬರೂ ತಮ್ಮ ಗುಂಪಿಗೆ ಮರಳಿ ಉಳಿದ ನಾಲ್ವರಿಗೆ ಕಲಿಸುತ್ತಾರೆ. ಎಲ್ಲರೂ ಸೇರಿ ಖಾಲಿ ಭೂಪಟದಲ್ಲಿ ಭಾಗಗಳನ್ನು ತುಂಬಿದಾಗ 1956ರ ನವೆಂಬರ್ 1ರಂದು ಏನಾಯಿತು ಎನ್ನುವುದು ಕಣ್ಣ ಮುಂದೆ ಬರುತ್ತದೆ.

ಇದಕ್ಕೆ ಎರಡು ಪೀರಿಯಡ್ ಬೇಕು. ಕೊನೆಯಲ್ಲಿ ಐದು ಅಂಕದ ಸಣ್ಣ ಪರೀಕ್ಷೆ ಇರಲಿ, ಅದನ್ನು ಒಬ್ಬೊಬ್ಬರೇ ಬರೆಯಲಿ. ಗುಂಪಿಗೆಲ್ಲ ಒಂದೇ ಅಂಕ ಕೊಟ್ಟರೆ ಒಬ್ಬ ದುಡಿಯುತ್ತಾನೆ, ನಾಲ್ವರು ಸಹಿ ಹಾಕುತ್ತಾರೆ.

ಭಾಷೆಯ ತರಗತಿಯಲ್ಲಿ ಪಕ್ಷ ಹಿಡಿಯುವುದು

ಪುಣ್ಯಕೋಟಿಯ ಕಥೆ ಗೊತ್ತಿಲ್ಲದ ಕನ್ನಡದ ಮಗು ಅಪರೂಪ. ಆದರೆ ‘ಈ ಕಥೆಯ ನೀತಿ ಏನು?’ ಎಂದರೆ ಸಿದ್ಧ ಉತ್ತರ ಬರುತ್ತದೆ. ಬದಲಾಗಿ ಹೀಗೆ ಕೇಳಿ: ‘ಹುಲಿಗೆ ಕೊಟ್ಟ ಮಾತು ಮತ್ತು ಹಾಲು ಕುಡಿಯುವ ಕರು. ಪುಣ್ಯಕೋಟಿ ಹಿಂತಿರುಗಿ ಹೋದದ್ದು ಸರಿಯೇ?’ ಸರಿ ಎನ್ನುವವರು ಕಿಟಕಿ ಕಡೆ, ಅಲ್ಲ ಎನ್ನುವವರು ಬಾಗಿಲ ಕಡೆ ನಿಲ್ಲಲಿ. ಒಂದು ಕಡೆಯವರು ಮಾತಾಡುವ ಮೊದಲು ಎದುರಿನವರು ಈಗಷ್ಟೇ ಹೇಳಿದ್ದನ್ನು ಒಂದು ವಾಕ್ಯದಲ್ಲಿ ಹೇಳಬೇಕು. ಮನಸ್ಸು ಬದಲಾದವರು ಪಕ್ಷ ಬದಲಿಸಬಹುದು, ಬದಲಿಸಿದ ಕಾರಣ ಹೇಳಬೇಕು. ಕೊನೆಯ ಹತ್ತು ನಿಮಿಷ ಪ್ರತಿಯೊಬ್ಬರೂ ತಮ್ಮ ನಿಲುವನ್ನು ಒಂದು ಪ್ಯಾರಾ ಬರೆಯಲಿ. ಪ್ರಬಂಧಕ್ಕೆ ವಿಷಯ ಹೊಳೆಯುವುದಿಲ್ಲ ಎನ್ನುವ ಮಕ್ಕಳಿಗೂ ಅಂದು ಬರೆಯಲು ಏನಾದರೂ ಇರುತ್ತದೆ.

ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವುದು

ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಪರೀಕ್ಷೆಗೆ ಓದುವ ಪ್ರತಿ ಮಗುವಿಗೂ ಹೇಳಬೇಕು. ಒಂದು ಗುಂಪು ಪಠ್ಯಭಾಗವನ್ನು ಮತ್ತೆ ಓದಿತು. ಇನ್ನೊಂದು ಗುಂಪು ಒಮ್ಮೆ ಓದಿ, ಆಮೇಲೆ ನೋಡದೆ ನೆನಪಾದದ್ದನ್ನು ಬರೆಯಿತು. ಐದು ನಿಮಿಷದ ನಂತರ ಪರೀಕ್ಷಿಸಿದರೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ನೋಡಿದರೆ ನೆನಪಿಸಿಕೊಂಡು ಬರೆದವರು ಮುಂದಾಗಿದ್ದರು.

ಇದನ್ನು ತರಗತಿಗೆ ತರುವುದು ಸುಲಭ. ಹಾಜರಿ ಕರೆಯುವ ಹೊತ್ತಿನಲ್ಲಿ ಹಲಗೆಯ ಮೇಲೆ ಮೂರು ಪ್ರಶ್ನೆ ಇರಲಿ: ನಿನ್ನೆಯ ಪಾಠದ್ದೊಂದು, ಹೋದ ವಾರದ್ದೊಂದು, ಹೋದ ತಿಂಗಳದ್ದೊಂದು. ಮಕ್ಕಳು ಪುಸ್ತಕ ಮುಚ್ಚಿ ಬರೆದು, ಆಮೇಲೆ ತಾವೇ ತಿದ್ದಿಕೊಳ್ಳಲಿ. ಇದಕ್ಕೆ ಅಂಕ ಬೇಡ. ಅಂಕ ಬಂದ ಕೂಡಲೇ ಪಕ್ಕದವರ ಹಾಳೆ ಇಣುಕುವುದು ಶುರುವಾಗುತ್ತದೆ.

ಗಂಟೆ ಹೊಡೆಯುವ ಮೂರು ನಿಮಿಷ ಮೊದಲು ಇನ್ನೊಂದು ಕೆಲಸ: ಕಾಲು ಹಾಳೆಯಲ್ಲಿ ಇಂದು ಗೊತ್ತಾದ ಒಂದು ಸಂಗತಿ, ಇನ್ನೂ ಗೊಂದಲವಿರುವ ಒಂದು ಸಂಗತಿ. ಹೆಸರು ಬರೆಯುವುದು ಕಡ್ಡಾಯ ಬೇಡ. ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಾ 45 ಚೀಟಿ ತಿರುವಿ ಹಾಕಲು ಹೆಚ್ಚು ಹೊತ್ತು ಬೇಕಿಲ್ಲ. ನಾಳೆಯ ಪಾಠ ಎಲ್ಲಿಂದ ಶುರುವಾಗಬೇಕು ಎಂದು ಅವೇ ಹೇಳುತ್ತವೆ.

40 ನಿಮಿಷದ ಲೆಕ್ಕ

ಒಂದೇ ಪೀರಿಯಡ್‌ನಲ್ಲಿ ಎಲ್ಲ ವಿಧಾನಗಳನ್ನು ತುರುಕಬಾರದು. ಒಂದು ಸಾಧಾರಣ ದಿನ ಹೀಗಿರಬಹುದು:

• ಮೊದಲ 5 ನಿಮಿಷ: ಹಾಜರಿ, ಜೊತೆಗೆ ನೆನಪಿನ ಮೂರು ಪ್ರಶ್ನೆ.
• ಮುಂದಿನ 12 ನಿಮಿಷ: ಶಿಕ್ಷಕರ ವಿವರಣೆ, ಹಲಗೆ, ಚಿತ್ರ, ಉದಾಹರಣೆ.
• 7 ನಿಮಿಷ: ಒಂದು ಬೆರಳು-ಪ್ರಶ್ನೆ, ಜೋಡಿ ಚರ್ಚೆ, ಮತ್ತೊಮ್ಮೆ ಮತ.
• 8 ನಿಮಿಷ: ಆ ಪ್ರಶ್ನೆಯಲ್ಲಿ ಕಂಡ ತಪ್ಪಿನಿಂದಲೇ ಮುಂದುವರಿದ ವಿವರಣೆ.
• 5 ನಿಮಿಷ: ಮಕ್ಕಳು ಒಬ್ಬೊಬ್ಬರೇ ಬರೆಯುವ ಅಭ್ಯಾಸ.
• ಕೊನೆಯ 3 ನಿಮಿಷ: ಚೀಟಿ.

ಇದರಲ್ಲಿ ಶಿಕ್ಷಕರು ಮಾತಾಡುವ ಹೊತ್ತು ಇನ್ನೂ 20 ನಿಮಿಷ ಇದೆ. ಪಾಠ ಯೋಜನೆಯ ನಮೂನೆಯನ್ನೂ ಬದಲಿಸಬೇಕಿಲ್ಲ. 5ಇ ಮಾದರಿಯಲ್ಲಿ ಬರೆಯುವವರಿಗೆ ಇವೆಲ್ಲ ಅದರ ಯಾವುದಾದರೊಂದು ಕಾಲಮ್ಮಿನಲ್ಲಿ ಕೂರುತ್ತವೆ.

ಎದುರಾಗುವ ತೊಡಕುಗಳು

ಪೋರ್ಷನ್ ಮುಗಿಯುವುದಿಲ್ಲವಲ್ಲ? ಎಲ್ಲ ಪಾಠಕ್ಕೂ ಒಂದೇ ತೂಕ ಕೊಡಬೇಕಿಲ್ಲ. ಮಕ್ಕಳು ಪ್ರತಿ ವರ್ಷ ಎಡವುವ ಪರಿಕಲ್ಪನೆಗಳನ್ನು ಆರಿಸಿ ಅಲ್ಲಿ ಮಾತ್ರ ನಿಧಾನಿಸಿ. ವ್ಯಾಖ್ಯೆ, ಪಟ್ಟಿಗಳನ್ನು ಮನೆಯಲ್ಲಿ ಓದಿಸಬಹುದು. ನೋಟ್ಸ್ ಬರೆಸುವ ಹೊತ್ತಿನಲ್ಲಿ ಸ್ವಲ್ಪ ಉಳಿಸಿದರೂ ಸಾಕು, ಎಷ್ಟೋ ಪೀರಿಯಡ್ ವಾಪಸ್ ಸಿಗುತ್ತದೆ.

ಗಲಾಟೆ? 45 ಮಕ್ಕಳು ಒಟ್ಟಿಗೆ ಮಾತಾಡಿದರೆ ಸದ್ದು ಬರುತ್ತದೆ. ಪಕ್ಕದ ಕೊಠಡಿಯವರಿಗೂ ಮುಖ್ಯೋಪಾಧ್ಯಾಯರಿಗೂ ಮೊದಲೇ ಹೇಳಿಡಿ. ನಿಲ್ಲಿಸುವ ಗುರುತು ಒಂದೇ ಇರಲಿ: ಶಿಕ್ಷಕರು ಕೈ ಎತ್ತುತ್ತಾರೆ, ಕಂಡವರು ಮಾತು ನಿಲ್ಲಿಸಿ ಕೈ ಎತ್ತುತ್ತಾರೆ. ಮೊದಲ ವಾರ ಅದನ್ನೇ ಅಭ್ಯಾಸ ಮಾಡಿಸಬೇಕು.

ಇಂಗ್ಲಿಷ್ ಮಾಧ್ಯಮದ ವಿಭಾಗ? ಜೋಡಿ ಚರ್ಚೆ ಕನ್ನಡದಲ್ಲಿ, ಉರ್ದುವಿನಲ್ಲಿ, ತುಳುವಿನಲ್ಲಿ, ಮನೆಯಲ್ಲಿ ಆಡುವ ಯಾವ ಮಾತಿನಲ್ಲಾದರೂ ನಡೆಯಲಿ. ಯೋಚನೆ ಗಟ್ಟಿಯಾದ ಮೇಲೆ ಅದನ್ನು ಇಂಗ್ಲಿಷಿನಲ್ಲಿ ಹೇಳಲು, ಬರೆಯಲು ನೆರವಾಗಿ. ಎರಡನ್ನೂ ಒಟ್ಟಿಗೆ ಕೇಳಿದರೆ ಮಗು ಎರಡನ್ನೂ ಬಿಡುತ್ತದೆ.

ಮಕ್ಕಳಿಗೇ ಇಷ್ಟವಿಲ್ಲದಿದ್ದರೆ? ‘ನೀವೇ ಹೇಳಿಕೊಡಿ ಮಿಸ್, ಚೆನ್ನಾಗಿರುತ್ತದೆ’ ಎನ್ನುವವರು ಇದ್ದೇ ಇರುತ್ತಾರೆ. 2019ರಲ್ಲಿ ಹಾರ್ವರ್ಡ್‌ನ ಭೌತವಿಜ್ಞಾನ ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನದಲ್ಲೂ ಇದೇ ಕಂಡಿತು. ಸೊಗಸಾದ ಉಪನ್ಯಾಸ ಕೇಳಿದವರು ಹೆಚ್ಚು ಕಲಿತೆವು ಎಂದುಕೊಂಡರು, ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದದ್ದು ತಾವೇ ಬಿಡಿಸಲು ಒದ್ದಾಡಿದವರಿಗೆ. ತಲೆಗೆ ಶ್ರಮವಾದಾಗ ಕಲಿಯುತ್ತಿಲ್ಲ ಅನ್ನಿಸುವುದು ಸಹಜ. ಇದನ್ನು ಮಕ್ಕಳಿಗೂ ಪೋಷಕರಿಗೂ ವರ್ಷದ ಮೊದಲಲ್ಲೇ ಬಿಡಿಸಿ ಹೇಳಬೇಕು.

ಎಲ್ಲಿಂದ ಶುರು ಮಾಡುವುದು

ಒಂದು ತರಗತಿ, ಒಂದು ವಿಷಯ, ಒಂದು ವಿಧಾನ ಆರಿಸಿಕೊಳ್ಳಿ. ಮೊದಲ ಎರಡು ವಾರ ಪ್ರಶ್ನೆ ಕೇಳಿ ಐದು ಎಣಿಸುವುದಷ್ಟೇ. ಅದು ರೂಢಿಯಾದ ಮೇಲೆ ಜೋಡಿ ಚರ್ಚೆ, ಆಮೇಲೆ ವಾರಕ್ಕೆ ಎರಡು ಬೆರಳು-ಪ್ರಶ್ನೆ. ಜಿಗ್‌ಸಾದಂಥ ದೊಡ್ಡ ಕೆಲಸ ತಿಂಗಳಿಗೊಂದು ಸಾಕು.

ಪರಿಣಾಮ ಅಳೆಯಲು ಸಹೋದ್ಯೋಗಿಯೊಬ್ಬರನ್ನು ಶುರುವಿನಲ್ಲೊಮ್ಮೆ, ತಿಂಗಳ ಕೊನೆಗೊಮ್ಮೆ ಹಿಂದಿನ ಬೆಂಚಿನಲ್ಲಿ ಕೂರಿಸಿ. ಅವರ ಕೈಯಲ್ಲಿ ತರಗತಿಯ ಆಸನಗಳ ನಕ್ಷೆ ಇರಲಿ. ಯಾವ ಮಗು ಮಾತಾಡಿತೋ, ಉತ್ತರ ಬರೆಯಿತೋ, ಪ್ರಶ್ನೆ ಕೇಳಿತೋ ಆ ಜಾಗಕ್ಕೆ ಒಂದು ಗೆರೆ ಎಳೆಯಲಿ. ನಿಮ್ಮ ಪಾಠ ಹೇಗಿತ್ತು ಎಂದು ಅವರು ಹೇಳಬೇಕಿಲ್ಲ. ಎರಡು ನಕ್ಷೆಗಳನ್ನು ಪಕ್ಕಪಕ್ಕ ಇಟ್ಟು, ಗೆರೆ ಬೀಳದ ಜಾಗ ಯಾವುದು ನೋಡಿ. ಮರುದಿನದ ಮೊದಲ ಪ್ರಶ್ನೆಯನ್ನು ಅಲ್ಲಿ ಕೂತ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡು ಸಿದ್ಧಪಡಿಸಿ.